ಪಾಠ ನಿಲ್ಲಿಸಿದ ಮೇಲೆ ಜನ ಉಳಿದರು: ದೀಕ್ಷಾರ್ಥಿಗಳೊಂದಿಗೆ ನನ್ನ ಅನುಭವ

ಬೆಂಗಳೂರಿನ ಅಂಚಿನಲ್ಲಿರುವ ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ ವಯಸ್ಕರು, ಏಳು ವಾರ ಕಳೆದು ಬರುವ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ನಾಪತ್ತೆಯಾಗುತ್ತಿದ್ದರು. ಈಗ ಹಾಗಿಲ್ಲ. ಈಚಿನ ನಾಲ್ಕೈದು ವರ್ಷಗಳಲ್ಲಿ ಸೇರಿದ ಸುಮಾರು 30 ಮಂದಿಯಲ್ಲಿ ಐದಾರು ಜನರನ್ನು ಬಿಟ್ಟರೆ ಉಳಿದವರೆಲ್ಲ ಇಂದಿಗೂ ಭಾನುವಾರದ ಬಲಿಪೂಜೆಗೆ ಬರುತ್ತಾರೆ. ಪಾಲನಾ ಸಮಿತಿಯಲ್ಲಿ ತರಗತಿಯೇ ಬೇಡ ಎಂಬ ನನ್ನ ಮಾತು ಕೇಳಿ ನಕ್ಕವರೇ ಈಗ ಬೇರೆ ಧರ್ಮಕೇಂದ್ರಗಳಿಗೆ ನನ್ನ ಫೋನ್ ನಂಬರ್ ಹಂಚುತ್ತಿದ್ದಾರೆ. ಉಪದೇಶಿ ಕೆಲಸ, ಅಂದರೆ ದೀಕ್ಷೆಗೆ ಸಿದ್ಧರಾಗುತ್ತಿರುವ ದೀಕ್ಷಾರ್ಥಿಗಳಿಗೆ ವಿಶ್ವಾಸ ಕಲಿಸುವ ಕೆಲಸ, ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಂತಗಳು, ವಿಧಿಗಳು ನಿಮಗೆ ಗೊತ್ತೇ ಇವೆ.

ಹಳೆಯ ಪದ್ಧತಿ ಎಂದರೆ ಮೂರು ತಿಂಗಳ ತರಗತಿ. ಪ್ರಶ್ನೋತ್ತರ, ಬಾಯಿಪಾಠ, ಕೊನೆಗೊಂದು ಪರೀಕ್ಷೆ. ಅದಕ್ಕೆಂದೇ ಸಮಿತಿ 18 ಸಾವಿರದಷ್ಟು ಖರ್ಚು ಮಾಡಿ ಪುಸ್ತಿಕೆ ಅಚ್ಚು ಹಾಕಿಸಿತ್ತು. ಮುಕ್ಕಾಲು ಪಾಲು ಇನ್ನೂ ಬೀರುವಿನಲ್ಲೇ ಇದೆ, ಗೆದ್ದಲಿಗೂ ರುಚಿಸಿಲ್ಲ. ದಾನಿಯೊಬ್ಬರು ಕೊಡಿಸಿದ ಪ್ರೊಜೆಕ್ಟರ್ ಮಕ್ಕಳ ಸಿನಿಮಾಕ್ಕೆ ಒದಗಿತು. ಏಳು ಸಂಸ್ಕಾರಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಹುಡುಗನಿಗೆ ಧರ್ಮಕೇಂದ್ರದಲ್ಲಿ ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ. ಅವನೇಕೆ ಉಳಿಯುತ್ತಾನೆ?

ನಾನು ಹೊಸದೇನನ್ನೂ ಕಂಡುಹಿಡಿಯಲಿಲ್ಲ. 1972ರಲ್ಲಿ ರೋಮ್ ಹೊರಡಿಸಿದ ವಯಸ್ಕರ ದೀಕ್ಷಾವಿಧಿಯಲ್ಲಿ ಇರುವುದನ್ನೇ ಮಾಡೋಣ ಎಂದೆ, ಅಷ್ಟೇ. ತರಗತಿ ಬೇಡ, ದೀಕ್ಷಾರ್ಥಿಗಳು ಪೂಜೆಗೆ ಬರಲಿ, ಪ್ರಬೋಧನೆ (ಗುರುಗಳ ಪ್ರವಚನ) ಮುಗಿದ ಕೂಡಲೇ, ವಿಶ್ವಾಸ ಪ್ರಮಾಣಕ್ಕೆ ಮುಂಚೆ, ಗುರುಗಳು ಅವರನ್ನು ಆಶೀರ್ವದಿಸಿ ಹೊರಗೆ ಕಳಿಸಲಿ. ಗಲಾಟೆ ಎದ್ದಿತು. ‘ಬಂದವರನ್ನು ಎಬ್ಬಿಸಿ ಕಳಿಸುವುದೆಂದರೇನು, ಇದು ಅವಮಾನ’ ಎಂದರು ಹಿರಿಯರು. ಫಾದರ್ ಕೂಡ ಅರೆಮನಸ್ಸಿನಲ್ಲೇ ಒಪ್ಪಿದ್ದು.

ಹೊರಗೆ ಬಂದವರು ಹಿಂದಿನ ಕೋಣೆಯಲ್ಲಿ ಮುಕ್ಕಾಲು ಗಂಟೆ ಕೂರುತ್ತಾರೆ. ಅಂದಿನ ಶುಭಸಂದೇಶವನ್ನು (ಯೇಸುವಿನ ಸುವಾರ್ತೆಯ ಭಾಗವನ್ನು) ಇನ್ನೊಮ್ಮೆ, ನಿಧಾನವಾಗಿ, ಅವರಲ್ಲೇ ಒಬ್ಬರು ಓದುತ್ತಾರೆ. ನಾನು ವಿವರಿಸುವುದಿಲ್ಲ. ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದ ಮೂರು, ನಾಲ್ಕು, ಐದನೆಯ ಭಾನುವಾರಗಳಂದು ಯಾವ ವರ್ಷವಾದರೂ ಸರಿ, ‘ಎ’ ವರ್ಷದ ವಾಚನಗಳನ್ನೇ (ಪೂಜೆಯ ವಾಚನಗಳು ಎ, ಬಿ, ಸಿ ಎಂದು ಮೂರು ವರ್ಷಕ್ಕೊಮ್ಮೆ ತಿರುಗುತ್ತವೆ) ಹಿಡಿಯಿರಿ: ಸಮಾರಿಯದ ಮಹಿಳೆ, ಹುಟ್ಟುಕುರುಡ, ಲಾಜರ. ಒಮ್ಮೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ಅಲ್ಲಿಯವರೆಗೆ ತುಟಿ ಬಿಚ್ಚದವಳು, ‘ಟೀಚರ್, ಸಮಾರಿಯದ ಆ ಮಹಿಳೆ ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟು ಊರಿಗೆ ಓಡಿದಳಲ್ಲ, ನೀರು ಹೊರುವ ಯಾವ ಹೆಂಗಸೂ ಹಾಗೆ ಕೊಡ ಬಿಡುವುದಿಲ್ಲ’ ಎಂದಳು. ಇಷ್ಟು ವರ್ಷ ಆ ಅಧ್ಯಾಯ ಓದಿಸಿದ ನನಗೆ ಆ ಕೊಡ ಕಂಡಿರಲಿಲ್ಲ. ಆಮೇಲೆ ಒಂದು ಗಂಟೆ ಯಾರೂ ಏಳಲಿಲ್ಲ.

ನಾನು ಮಾಡಿದ ಎರಡನೆಯ ಬದಲಾವಣೆ, ಜ್ಞಾನತಂದೆ ಜ್ಞಾನತಾಯಿಯರನ್ನು (ದೀಕ್ಷಾರ್ಥಿಯ ಜೊತೆ ನಿಲ್ಲುವ ಜ್ಞಾನಪೋಷಕರನ್ನು) ಪಾಸ್ಖಕ್ಕೆ ಮುಂಚಿನ ಪವಿತ್ರ ವಾರದಲ್ಲಿ ಹುಡುಕುವುದನ್ನು ನಿಲ್ಲಿಸಿದೆ. ಮೊದಲ ತಿಂಗಳಲ್ಲೇ ಒಬ್ಬೊಬ್ಬರಿಗೂ ಒಂದು ಮನೆ ಗೊತ್ತು ಮಾಡುತ್ತೇನೆ. ಹಬ್ಬದ ಊಟ, ಆಸ್ಪತ್ರೆ, ಜಪಸರ, ಎಲ್ಲವೂ ಆ ಮನೆಯವರ ಜೊತೆಗೆ. ಯಾರಿಗೆ ಯಾವ ಮನೆ ಎಂದು ಹೇಗೆ ಆರಿಸುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ. ಮೊದಲ ಭೇಟಿಯಲ್ಲಿ ಕೇಳುವ ಎರಡು ಪ್ರಶ್ನೆಗಳಲ್ಲಿ ಆ ಗುಟ್ಟಿದೆ.

ಮದುವೆಗಾಗಿ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಕಥೋಲಿಕರನ್ನು ಮದುವೆಯಾಗಲು ನೀವು ಕಥೋಲಿಕರಾಗಲೇಬೇಕೆಂದಿಲ್ಲ, ಧರ್ಮಾಧ್ಯಕ್ಷರ (ಬಿಷಪ್) ವಿನಾಯಿತಿ ಪಡೆದರೆ ಚರ್ಚಿನಲ್ಲೇ ಮದುವೆಯಾಗುತ್ತದೆ. ಅರ್ಧದಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. ಸಮಿತಿಗೆ ಇದು ನಷ್ಟವೆಂದು ಕಂಡಿತು, ನನಗೆ ಲಾಭ. ಪರಿಶಿಷ್ಟ ಜಾತಿಯವರಿಗೆ ಇನ್ನೊಂದು ಮಾತು ಕಡ್ಡಾಯ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದರೆ ಆ ಮೀಸಲಾತಿ ಹೋಗುತ್ತದೆ. ಇದನ್ನು ದೀಕ್ಷೆಯ ಹಿಂದಿನ ದಿನ ತಿಳಿಸುವುದು ಮೋಸ. ಕರ್ನಾಟಕದ 2022ರ ಮತಾಂತರ ಕಾಯ್ದೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕೆಂದು ಹೇಳಿತು. ಆ ವರ್ಷ ವಕೀಲರಿಗೇ ಏಳೆಂಟು ಸಾವಿರ ಹೋಯಿತು. ಕಾಗದಪತ್ರದ ವಿಷಯದಲ್ಲಿ ಉಪದೇಶಿಗಳು ವಕೀಲರಾಗಬೇಡಿ.

ಉಳಿದ ಲೆಕ್ಕ ಸಣ್ಣದು. ಚಹಾ, ಬಿಸ್ಕತ್ತು, ಜೆರಾಕ್ಸ್, ಒಂದು ದಿನದ ಧ್ಯಾನಕೂಟ ಸೇರಿ ವರ್ಷಕ್ಕೆ 12ರಿಂದ 15 ಸಾವಿರ. ದೀಕ್ಷಾರ್ಥಿಗಳಿಂದ ಬಿಡಿಗಾಸೂ ಪಡೆಯುವುದಿಲ್ಲ. ಬಿಳಿ ವಸ್ತ್ರ, ಮೇಣದಬತ್ತಿ ಜ್ಞಾನಪೋಷಕರ ಪಾಲು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಶನಿವಾರ ರಾತ್ರಿ ಮರುದಿನದ ಶುಭಸಂದೇಶದ ಐದು ನಿಮಿಷದ ಧ್ವನಿಮುದ್ರಣವನ್ನು ವಾಟ್ಸಾಪ್‌ನಲ್ಲಿ ಕಳಿಸಿದೆ. ದೀಕ್ಷಾರ್ಥಿಗಳು ಕೇಳಲಿಲ್ಲ, ಅವರ ಅತ್ತೆಯಂದಿರು ಕೇಳಿದರು. ಮೃತರನ್ನು ನೆನೆಯುವ ನವೆಂಬರ್ 2ರಂದು ಸಮಾಧಿ ಭೂಮಿಗೆ ಕರೆದುಕೊಂಡು ಹೋಗಿದ್ದು ಮಾತ್ರ ಫಲಿಸಿತು. ಪುನರುತ್ಥಾನದ ಬಗ್ಗೆ ತರಗತಿಯಲ್ಲಿ ಎಂದೂ ಬಾರದ ಪ್ರಶ್ನೆಗಳು ಅಲ್ಲಿ ಬಂದವು.

ಇನ್ನೊಂದು ಜಗಳ ದೃಢೀಕರಣದ್ದು, ಅಂದರೆ ತೈಲ ಹಚ್ಚಿ ದೀಕ್ಷೆಯನ್ನು ಗಟ್ಟಿಗೊಳಿಸುವ ಸಂಸ್ಕಾರದ್ದು. ನಮ್ಮಲ್ಲಿ ಅದನ್ನು ಧರ್ಮಾಧ್ಯಕ್ಷರು ಬರುವವರೆಗೆ ಮುಂದೂಡುವ ರೂಢಿಯಿತ್ತು. ವಯಸ್ಕರಿಗೆ ದೀಕ್ಷಾಸ್ನಾನ ಕೊಟ್ಟ ಗುರುವೇ ಆಗಲೇ ದೃಢೀಕರಣವನ್ನೂ ಕೊಡಬಹುದೆಂದು ಧರ್ಮಸಭೆಯ ಕಾನೂನಿನ 883ನೆಯ ವಿಧಿಯೇ ಹೇಳುತ್ತದೆ. ಪುಟ ತೆರೆದು ಮೇಜಿನ ಮೇಲಿಟ್ಟೆ. ಈಗ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರು ಸಂಸ್ಕಾರಗಳೂ ಒಂದೇ ರಾತ್ರಿ. ಪ್ರೊಟೆಸ್ಟೆಂಟ್ ಸಭೆಗಳಿಂದ ಬರುವವರದು ಬೇರೆ ದಾರಿ. ಅವರಿಗೆ ಆಗಲೇ ದೀಕ್ಷಾಸ್ನಾನವಾಗಿರುವುದರಿಂದ ಎರಡನೆಯ ಸಲ ನೀರು ಸುರಿಯುವಂತಿಲ್ಲ. ಆ ದೀಕ್ಷಾಸ್ನಾನದ ಪ್ರಮಾಣಪತ್ರ ತರಿಸುವುದರಲ್ಲೇ ಒಬ್ಬರಿಗೆ ಒಂದು ಪಾಸ್ಖ ತಪ್ಪಿಹೋಯಿತು. ಆದ್ದರಿಂದ ಆ ಕಾಗದವನ್ನು ಮೊದಲ ವಾರವೇ ಕೇಳಿ.

ರಾತ್ರಿ ಪಾಳಿಯವರು ಭಾನುವಾರ ಬೆಳಿಗ್ಗೆ ಕೂತಲ್ಲೇ ತೂಕಡಿಸುತ್ತಾರೆ, ಅದಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ಬರುವ ಜೂನ್‌ನಿಂದ ಸಂಜೆಯ ಪೂಜೆಗೆ ಎರಡನೆಯ ತಂಡ ಮಾಡುತ್ತಿದ್ದೇನೆ. ನೋಡಲು ಬರುವವರು ಬರಲಿ, ಚಹಾದ ಖರ್ಚು ಅವರದೇ.