ಗ್ರಹಣ ಹಿಡಿದು ಕೆಂಪು ಚುಕ್ಕಿಯ ಬಿಸಿ ಅಳೆಯೋದು ಹೇಗೆ?

ಜುಲೈ ಬಂದ್ರೆ ಪುನರ್ವಸು ಮಳೆ ಹಿಡಿತೋ ಇಲ್ವೋ ಅಂತ ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಹಾಕಿದೋರೆಲ್ಲ ಮೋಡ ನೋಡ್ತಾ ಕೂತಿರ್ತಾರೆ. ಆ ಪುನರ್ವಸು ಅನ್ನೋ ಜೋಡಿ ಚುಕ್ಕಿಲಿ ಒಂದು ಕ್ಯಾಸ್ಟರ್, ಅದು ಒಂದಲ್ಲ, ಆರು ನಕ್ಷತ್ರದ ಸಂಸಾರ ನೋಡ್ರಿ! ಅದ್ರಲ್ಲಿ ಎರಡು ಕೆಂಪು ಕುಳ್ಳಗಳು (ಸೂರ್ಯನಿಗಿಂತ ಸಣ್ಣ, ತಣ್ಣನೆ ನಕ್ಷತ್ರಗಳು) ಸುಮಾರು 19.5 ಗಂಟೆಗೊಂದು ಸುತ್ತು ಹೊಡಿತಾ ಒಂದನ್ನೊಂದು ಮುಚ್ತಾವೆ. ಹೆಸರು ವೈವೈ ಜೆಮಿನೋರಮ್.

ಮುಚ್ಚೋದ್ರಿಂದ ಏನು ಲಾಭ ಅಂದ್ರೆ, ರಾತ್ರಿ ದೂರದಿಂದ ಮಂಡಕ್ಕಿ ಭಟ್ಟಿ ನೋಡಿದಂಗೆ ಇದು. ಬರೀ ಬೆಳಕು ಕಂಡ್ರೆ ಬಾಯಿ ದೊಡ್ಡದಾಗಿ ಬೆಂಕಿ ಸಣ್ಣಗೈತೋ, ಬಾಯಿ ಸಣ್ಣದಾಗಿ ಬೆಂಕಿ ಜೋರಾಗೈತೋ ಗೊತ್ತಾಗಲ್ಲ. ಯಾರೋ ಮೊರ ಅಡ್ಡ ಹಿಡಿದ್ರು ಅನ್ಕೊಳ್ಳಿ, ಅಷ್ಟು ಜಾಗದ ಬೆಳಕು ಎಷ್ಟು ಕಮ್ಮಿ ಆಯ್ತು ಅನ್ನೋದ್ರಲ್ಲೇ ಬೆಂಕಿಯ ಗುಟ್ಟು ಇರುತ್ತೆ.

ಮೊದ್ಲು ಡೇಟಾ ಬೇಕು. 2018ರಲ್ಲಿ ನಾಸಾ ಹಾರಿಸಿದ, ನಕ್ಷತ್ರಗಳ ಬೆಳಕು ಅಳೆಯೋ ಟೆಸ್ ಉಪಗ್ರಹದ ಡೇಟಾ ಫ್ರೀಯಾಗೇ ಸಿಗುತ್ತೆ. ಬೆಳಕನ್ನ ಟೈಮಿಗೆ ಗ್ರಾಫ್ ಹಾಕಿದ್ರೆ ಒಂದು ಸುತ್ತಿಗೆ ಎರಡು ಗುಂಡಿ ಕಾಣ್ತಾವೆ. ಕಕ್ಷೆ ದುಂಡಗಿದ್ರೆ ಎರಡು ಸಲನೂ ಮುಚ್ಚಿಹೋಗೋ ಜಾಗ ಒಂದೇ ಅಳತೆದು, ಹಂಗಾಗಿ ಗುಂಡಿ ಆಳದಲ್ಲಿ ವ್ಯತ್ಯಾಸ ಬಂತು ಅಂದ್ರೆ ಅದು ಬಿಸಿಯ ವ್ಯತ್ಯಾಸನೇ. ಇಡೀ ಆಟದ ಮಜಾ ಇರೋದೇ ಇಲ್ಲಿ.

ವೈವೈ ಜೆಮಿನೋರಮ್ ಬಿಟ್ಟು, ಸುಮ್ನೆ ಊಹಿಸ್ಕೊಂಡ ಬೇರೆ ಜೋಡಿ ಇಟ್ಕೊಂಡು ಒಂದು ಲೆಕ್ಕ ಹಾಕೋಣ. ದೊಡ್ಡದು 6000 ಕೆಲ್ವಿನ್ ನಕ್ಷತ್ರ (ಇದನ್ನ ಸ್ಪೆಕ್ಟ್ರಮ್ ನೋಡಿ ಮೊದ್ಲೇ ತಿಳ್ಕೊಂಡಿರ್ಬೇಕು), ಚಿಕ್ಕದು ಕೆಂಪು ಕುಳ್ಳ, ಅದರ ಅಗಲ ದೊಡ್ಡದರ ಐದರಲ್ಲೊಂದು ಪಾಲು. ಚಿಕ್ಕದು ಮುಂದೆ ಬಂದಾಗ ಸುಮಾರು 4% ಬೆಳಕು ಹೋಗುತ್ತೆ, ಹಿಂದೆ ಹೋದಾಗ 0.1% ಅಷ್ಟೇ ಹೋಯ್ತು ಅನ್ಕೊಳ್ಳಿ. 0.1ನ್ನ 4ರಿಂದ ಭಾಗಿಸಿದ್ರೆ 0.025, ಅಂದ್ರೆ ಅಷ್ಟೇ ಜಾಗದಿಂದ ಚಿಕ್ಕದು ಕೊಡೋ ಬೆಳಕು ದೊಡ್ಡದರ 0.025 ಪಾಲು. ಬಿಸಿ ಏರಿದಂಗೆ ಬೆಳಕು ನಾಲ್ಕನೇ ಘಾತದಲ್ಲಿ ಏರೋದ್ರಿಂದ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲ ಬಟನ್ ಎರಡು ಸಲ ಒತ್ತಿ, 6000ದಿಂದ ಗುಣಿಸಿ, ಸುಮಾರು 2400 ಬರುತ್ತೆ.

ಆದ್ರೆ ಇದು ತಪ್ಪು ಉತ್ತರ! ನಾನೂ ಫಸ್ಟ್ ಟೈಮ್ ಇದನ್ನೇ ಬರ್ಕೊಂಡು ಖುಷಿಯಾಗಿ ಬೆಣ್ಣೆ ದೋಸೆ ತಿನ್ನೋಕೆ ಹೋಗಿದ್ದೆ. ಕೆಂಪು ಕುಳ್ಳ ತನ್ನ ಬೆಳಕಲ್ಲಿ ಬಹುಪಾಲು ಇನ್‌ಫ್ರಾರೆಡ್‌ನಲ್ಲಿ ಸುರಿಯುತ್ತೆ, ಕ್ಯಾಮೆರಾ ಅದನ್ನೆಲ್ಲ ಹಿಡಿಯಲ್ಲ. ಟೆಸ್ ನೋಡೋದು 600ರಿಂದ 1000 ನ್ಯಾನೋಮೀಟರ್ ನಡುವೆ. ನಡುಗಟ್ಟಿನ 800 ತಗೊಂಡು ಪ್ಲಾಂಕ್ ಸೂತ್ರ (ಎಷ್ಟು ಬಿಸಿಗೆ ಯಾವ ಬಣ್ಣದ ಬೆಳಕು ಎಷ್ಟು ಅಂತ ಹೇಳೋದು) ಹಾಕಿದ್ರೆ ಉತ್ತರ 2700 ಹತ್ರ ಹೋಗುತ್ತೆ, ಮುನ್ನೂರು ಡಿಗ್ರಿ ಫರಕು. ಅದೂ ಪೂರ್ತಿ ಸರಿಯಲ್ಲ, ಇಂಥ ತಣ್ಣನೆ ನಕ್ಷತ್ರದಲ್ಲಿ ಟೈಟಾನಿಯಂ ಆಕ್ಸೈಡ್ ಕೆಂಪು ಬೆಳಕನ್ನ ನುಂಗುತ್ತೆ, ಅದಕ್ಕೆ ಆ ನಕ್ಷತ್ರದ ವಾತಾವರಣದ ಕಂಪ್ಯೂಟರ್ ಮಾಡೆಲ್ ಬೇಕು.

ವೈವೈ ಜೆಮಿನೋರಮ್‌ದು ಬೇರೆ ಕಥೆ. ಅಲ್ಲಿ ಇಬ್ರೂ ಅವಳಿಗಳು, ಗುಂಡಿಗಳೂ ಹೆಚ್ಚುಕಮ್ಮಿ ಸಮ, ಅಂದ್ರೆ ಬಿಸಿ ಒಂದೇ ಅಂತ ಗೊತ್ತಾಯ್ತೇ ಹೊರತು ಎಷ್ಟು ಅಂತ ಅಲ್ಲ. ಆಗ ಗ್ರಹಣದಿಂದ ಮತ್ತೆ ಅವು ಸುತ್ತೋ ವೇಗದಿಂದ ಸೈಜು ತೆಗೆದು, ದೂರದಿಂದ (50 ಬೆಳಕಿನ ವರ್ಷದ ಆಸುಪಾಸು) ಒಟ್ಟು ಬೆಳಕು ತೆಗೆದು, ಬೆಳಕನ್ನ ಮೈ ವಿಸ್ತೀರ್ಣಕ್ಕೆ ಹಂಚಬೇಕು. ಸುಮಾರು 3800 ಕೆಲ್ವಿನ್ ಸಿಗುತ್ತೆ, ನಮ್ಮ ಸೂರ್ಯ 5772.

ಸ್ವಂತ ಟೆಲಿಸ್ಕೋಪ್ ಇದ್ರೆ ಜನವರಿಲಿ ಚಿತ್ರದುರ್ಗ ದಾಟಿ ಚಳ್ಳಕೆರೆ ಕಡೆ ಬಯಲಿಗೆ ಹೋಗಿ, ಅದೃಷ್ಟ ಇದ್ರೆ ಒಂದೇ ರಾತ್ರಿ ಎರಡೂ ಗುಂಡಿಯ ತಳ ಸಿಗ್ತಾವೆ. ಪಕ್ಕದ ಕ್ಯಾಸ್ಟರ್ ಬೆಳಕು ಮಾತ್ರ ಕ್ಯಾಮೆರಾಗೆ ಕಣ್ಣು ಕುಕ್ಕುತ್ತೆ. ಇವುಗಳ ಮೈಮೇಲೆ ಕಪ್ಪು ಕಲೆ ಜಾಸ್ತಿ, ಕಲೆ ಇರೋ ಜಾಗನೇ ಮುಚ್ಚಿಹೋದ್ರೆ ಗುಂಡಿ ಆಳ ಕಮ್ಮಿ ಬರುತ್ತೆ, ಅದಕ್ಕೆ ಬೇರೆ ಬೇರೆ ತಿಂಗಳಲ್ಲಿ ನಾಲ್ಕೈದು ಗ್ರಹಣ ಸೇರಿಸ್ಕೊಂಡೇ ಲೆಕ್ಕಕ್ಕೆ ಕೂತ್ಕೊಳ್ಳಿ.