ಹಿಂದಿರುಗಿ ಬರುವ ಪ್ರೀತಿ: ಬೆಂಗಳೂರಿನ ದಿನಚರಿಯಲ್ಲಿ ನೆರೆಯವರ ಸೇವೆ

ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಭಾನುವಾರದ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಕೇಳಿರುತ್ತೇವಾದರೂ ಅದರ 35ನೆಯ ವಚನದ ಮೇಲೆ ನಮ್ಮ ಗಮನ ನಿಲ್ಲುವುದು ಕಡಿಮೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದ ಒಬ್ಬ ಅಪರಿಚಿತನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ಅವನನ್ನು ಛತ್ರಕ್ಕೆ ಕರೆತಂದು ಉಪಚರಿಸಿದವನು ಮರುದಿನ ಎರಡು ಬೆಳ್ಳಿ ನಾಣ್ಯಗಳನ್ನು ಛತ್ರದವನ ಕೈಗೆ ಕೊಟ್ಟು, ಇನ್ನೂ ಖರ್ಚಾದರೆ ತಾನು ಹಿಂದಿರುಗಿ ಬಂದಾಗ ತೀರಿಸುವುದಾಗಿ ಹೇಳುತ್ತಾನೆ. ನಿಸ್ವಾರ್ಥ ಪ್ರೀತಿಯನ್ನು ದಿನನಿತ್ಯದಲ್ಲಿ ರೂಢಿಸಿಕೊಳ್ಳಬಯಸುವವರು ಈ ಮಾತಿನಿಂದಲೇ ಕಲಿಯತೊಡಗಬೇಕು ಎಂಬುದು ನನ್ನ ಅಭಿಪ್ರಾಯ. ಒಮ್ಮೆ ನೆರವಾಗುವುದು ಅಷ್ಟೇನೂ ಕಷ್ಟವಲ್ಲ; ಎರಡನೆಯ ಸಲ ಹೋಗಿ ವಿಚಾರಿಸುವವರು ವಿರಳ.

ಆದ್ದರಿಂದ ಮೊದಲಿಗೆ ಹತ್ತು ಜನರ ಪಟ್ಟಿ ಮಾಡದೆ, ನಿಮ್ಮ ಬೀದಿಯಲ್ಲೋ ಸಭೆಯಲ್ಲೋ ಇರುವ ಒಬ್ಬರನ್ನು, ಒಂದು ಮನೆಯನ್ನು ಆರಿಸಿಕೊಳ್ಳಿ. ತಿಂಗಳ ಖರ್ಚಿನಲ್ಲಿ ಅವರಿಗೆಂದು ಒಂದಿಷ್ಟು ಹಣವನ್ನೂ, ವಾರದಲ್ಲಿ ಒಂದು ಸಂಜೆಯನ್ನೂ ಮೊದಲೇ ತೆಗೆದಿಡಿ. ಉಳಿದರೆ ಕೊಡೋಣ ಎಂದುಕೊಂಡರೆ ಈ ನಗರದಲ್ಲಿ ಹಣವೂ ಉಳಿಯುವುದಿಲ್ಲ, ಸಮಯವಂತೂ ಇಲ್ಲವೇ ಇಲ್ಲ.

ಯಾರನ್ನು ಆರಿಸಿಕೊಳ್ಳಬೇಕೆಂದು ತೋಚದವರು ಕಿದ್ವಾಯಿ, ವಿಕ್ಟೋರಿಯಾ ಅಥವಾ ನಿಮ್ಹಾನ್ಸ್ ಆಸ್ಪತ್ರೆಯ ಆವರಣಕ್ಕೆ ಹೋಗಬಹುದು. ರಾಯಚೂರು, ಕಲಬುರಗಿಯಂಥ ದೂರದ ಜಿಲ್ಲೆಗಳಿಂದ ರೋಗಿಯ ಜೊತೆಗೆ ಬಂದವರು ಅಲ್ಲಿ ಚಾಪೆ ಹಾಸಿಕೊಂಡು ದಿನ ಕಳೆಯುತ್ತಿರುತ್ತಾರೆ. ಊಟದ ಪೊಟ್ಟಣ ಹಂಚುವವರು ಹೆಚ್ಚಾಗಿ ಹಬ್ಬದ ದಿನ, ಭಾನುವಾರ ಬರುತ್ತಾರೆ. ನೀವು ಬುಧವಾರ ಹೋಗಿ. ಹೋದ ಕೂಡಲೇ ಏನನ್ನೂ ಕೊಡದೆ, “ಊಟ ಆಯ್ತಾ ಅಕ್ಕಾ? ಯಾವ ಊರು?” ಎಂದು ಕೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಅವರಿಗೆ ಬೇಕಾಗಿರುವುದು ಅನೇಕ ವೇಳೆ ಅನ್ನವಲ್ಲ: ಸ್ನಾನ ಮಾಡಿ ಬರುವವರೆಗೆ ಗಂಟುಮೂಟೆ ನೋಡಿಕೊಳ್ಳುವ ಒಬ್ಬರು, ಫ್ಲಾಸ್ಕಿಗೆ ಬಿಸಿನೀರು, ಮೊಬೈಲ್ ಚಾರ್ಜ್, ಅಥವಾ ಯಾವ ಕೌಂಟರಿಗೆ ಯಾವ ಕಾಗದ ಕೊಡಬೇಕೆಂದು ತಿಳಿಸುವ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ಪಡಿತರ ಚೀಟಿ, ಆಧಾರ್ ಜೊತೆಗಿವೆಯೇ ಎಂದು ವಿಚಾರಿಸಿ, ಯೋಜನೆಯ ಕೌಂಟರಿನವರೆಗೆ ಅವರೊಡನೆ ಹೋಗಿ ಸರದಿಯಲ್ಲಿ ನಿಲ್ಲುವುದು ನೂರು ರೂಪಾಯಿ ಕೈಗಿಡುವುದಕ್ಕಿಂತ ದೊಡ್ಡ ಉಪಕಾರ. ರೋಗಿಗೆ ಮಾತ್ರ ನರ್ಸನ್ನು ಕೇಳದೆ ಏನನ್ನೂ ತಿನ್ನಿಸಬೇಡಿ. ಮತ್ತೆ ಬರುವ ದಿನವನ್ನು ಹೇಳಿದ್ದರೆ, ಮಳೆ ಬಂದರೂ, ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ನಿಂತಿದ್ದರೂ, ಆ ದಿನ ಹೋಗಲೇಬೇಕು.

ರಸ್ತೆಯಲ್ಲಿ ಅಪಘಾತ ಕಂಡಾಗ ಪೊಲೀಸ್ ಠಾಣೆ, ಕೋರ್ಟು ಎಂಬ ಭಯದಿಂದ ದಾಟಿಹೋಗುವವರಿದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 134ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಟ್ಟಿದೆ. ನೆರವಾದವರು ಹೆಸರು, ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಗಾಯಾಳುವಿನ ಬಳಿ ನಿಂತಿರಿ. ರಕ್ತದಾನವೂ ಇದೇ ಬಗೆಯ ಸೇವೆ: ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಮನೆಗೆಲಸದವರು ಕಾಯಿಲೆಯಿಂದ ರಜೆ ಹಾಕಿದ ದಿನಗಳ ಸಂಬಳ ಹಿಡಿಯಬೇಡಿ. ಇದನ್ನು ಪ್ರೀತಿಯೆಂದು ಕರೆಯುವುದಕ್ಕೇ ನನಗೆ ಸಂಕೋಚ. ಇದು ನ್ಯಾಯ, ಪ್ರೀತಿ ಅದರ ಮುಂದಿನ ಮೆಟ್ಟಿಲು. ಸಾಲ ಕೇಳಿದವರಿಗೆ, ಹಿಂದಕ್ಕೆ ಬಾರದಿದ್ದರೂ ಮನಸ್ಸು ಕಹಿಯಾಗದಷ್ಟು ಮೊತ್ತವನ್ನೇ ಕೊಟ್ಟು, ಆಮೇಲೆ ಆ ಮಾತೆತ್ತಬೇಡಿ.

ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸುಸ್ವಾಮಿ ಹೇಳಿದ್ದು ಇಂದಿನ ವಾಟ್ಸಾಪ್ ಸ್ಟೇಟಸ್ಸಿಗೂ ಅನ್ವಯಿಸುತ್ತದೆ. ಪಡೆದವರ ಫೋಟೋ ತೆಗೆಯಬೇಡಿ. ಅನ್ನದ ಪೊಟ್ಟಣದೊಂದಿಗೆ ಕರಪತ್ರ ಇಡುವುದೂ ಸರಿಯಲ್ಲ, ಏಕೆಂದರೆ ಹಸಿದವರು ಅದನ್ನು ಬೇಡವೆನ್ನುವ ಸ್ಥಿತಿಯಲ್ಲಿರುವುದಿಲ್ಲ. ಅವರಾಗಿಯೇ ಕೇಳಿದರೆ ನಿಮ್ಮ ವಿಶ್ವಾಸದ ಬಗ್ಗೆ ಧಾರಾಳವಾಗಿ ಹೇಳಿ.

ಎಲ್ಲವನ್ನೂ ಒಬ್ಬರೇ ಹೊರಬೇಕಾಗಿಲ್ಲ. ಸಮಾರ್ಯದವನೂ ಗಾಯಾಳುವನ್ನು ಛತ್ರದವನಿಗೆ ಒಪ್ಪಿಸಿ ತನ್ನ ಪ್ರಯಾಣ ಮುಂದುವರಿಸಿದನು. ಕುಡಿತ, ಮನೆಯೊಳಗಿನ ಹೊಡೆತ, ಆತ್ಮಹತ್ಯೆಯ ಮಾತುಗಳಂಥ ಸಂದರ್ಭಗಳಲ್ಲಿ ಸಭಾಪಾಲಕರನ್ನೋ ವೈದ್ಯರನ್ನೋ ತಡಮಾಡದೆ ಕಂಡು, ಒಪ್ಪಿಸಿದ ಮೇಲೆಯೂ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿರಿ. ನಿಮ್ಮ ನೆರವು ಬೇಡವೆಂದು ಯಾರಾದರೂ ಹೇಳಿದರೆ ಒತ್ತಾಯಿಸದೆ, ನಿಮ್ಮ ನಂಬರು ಬರೆದುಕೊಟ್ಟು ಬನ್ನಿ.