ಟ್ರಕ್ಕಿನ ಮುಂದಿನ ಚಕ್ರ ಹಗುರಾದಾಗ

ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಬೆಟ್ಟದ ಕಡೆ ಹೊರಟಿದ್ದೆವು. ನಮ್ಮ ಪಿಕಪ್ ಟ್ರಕ್ಕಿನ ಹಿಂದೆ ಹೊಸ ಟ್ರಾವೆಲ್ ಟ್ರೈಲರ್ (ಎಳೆದೊಯ್ಯುವ ಪುಟ್ಟ ಮನೆ), ಟ್ರಕ್ಕಿನೊಳಗೆ ಮಕ್ಕಳು. ಪಕ್ಕದಲ್ಲಿ ಲಾರಿ ಹಾದಾಗಲೆಲ್ಲ ಸ್ಟೀರಿಂಗ್ ತೇಲಿದಂತಾಗುತ್ತಿತ್ತು. ನಿಜಕ್ಕೂ ಹೆದರಿಕೆಯಾಯಿತು.

ಮನೆಗೆ ಬಂದು ಟೇಪ್ ಹಿಡಿದೆ. ನೆಲದಿಂದ ಮುಂದಿನ ಮಡ್‌ಗಾರ್ಡ್ ಅಂಚಿಗೆ, ಟ್ರೈಲರ್ ಇಲ್ಲದಾಗ 37 ಇಂಚು. ಸಿಕ್ಕಿಸಿದಾಗ, ಟ್ರೈಲರ್ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಹಿಚ್‌ನ (ಜೋಡಣೆಯ) ಬಾರ್ ಬಿಗಿದಿದ್ದರೂ, 38 ದಾಟಿತ್ತು. ಅಂದರೆ ಆ ಭಾರ ಮುಂದಕ್ಕೆ ಹಂಚಿಕೆಯಾಗುತ್ತಲೇ ಇರಲಿಲ್ಲ.

ತಪ್ಪು ಹಿಚ್ ಆರಿಸಿದ್ದರಲ್ಲೇ ಇತ್ತು. ಖಾಲಿ ಟ್ರೈಲರ್ ಮೂತಿಯ (ಟ್ರಕ್ಕಿಗೆ ಸೇರುವ ಮುಂತುದಿಯ) ಭಾರ ನೋಡಿ 600 ಪೌಂಡ್ ತಾಳುವ ಬಾರ್ ಕೊಟ್ಟಿದ್ದರು. ಆದರೆ ಗ್ಯಾಸ್ ಸಿಲಿಂಡರ್, ಬ್ಯಾಟರಿ ಎಲ್ಲ ಮೂತಿಯ ಮೇಲೇ ಕೂರುತ್ತವೆ ಅಲ್ವಾ? ಸಾಮಾನು ತುಂಬಿಸಿ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಒಯ್ದೆ. ಟ್ರೈಲರ್ ಸಿಕ್ಕಿಸಿಕೊಂಡೇ ಬಾರ್ ಸಡಿಲಿಸಿ ಒಮ್ಮೆ, ಟ್ರಕ್ ಒಂದನ್ನೇ ಇನ್ನೊಮ್ಮೆ ತೂಗಿದೆ. ಟ್ರಕ್ಕಿನ ಆಕ್ಸಲ್‌ಗಳ ಮೇಲೆ ಹೆಚ್ಚಾಗಿದ್ದು 780 ಪೌಂಡ್, ಅದೇ ಮೂತಿಯ ಭಾರ. ಟ್ರೈಲರ್ ಒಟ್ಟು 6,000 ಪೌಂಡ್, ಹಾಗಾಗಿ ಮೂತಿಯ ಭಾರ ಅದರ ಶೇ. 13. ಶೇ. 10ರಿಂದ 15 ಸರಿಯಾದ ಲೆಕ್ಕ. ಬಾರ್ ಆರಿಸುವಾಗ ಟ್ರಕ್ಕಿನ ಹಿಂದಿನ ಚಕ್ರದ ಆಚೆ ಇಟ್ಟ 100 ಪೌಂಡ್ ಸಾಮಾನನ್ನೂ ಸೇರಿಸಬೇಕು.

1,000 ಪೌಂಡ್ ತಾಳುವ ಬಾರ್ ತಂದೆ. ಅದಕ್ಕೂ ಮೊದಲು ಟ್ರಕ್ಕಿನ ರಿಸೀವರ್ (ಹಿಚ್ ತೂರಿಸುವ ಕೊಳವೆ) ಮೇಲಿನ ಸ್ಟಿಕ್ಕರ್ ಓದಿದೆ. ಅಲ್ಲಿನ ಮಿತಿ ಕಡಿಮೆಯಿದ್ದರೆ ದೊಡ್ಡ ಬಾರ್ ಸುಮ್ನೆ ದಂಡ.

ಬಾರ್ ಎತ್ತಿಹಿಡಿಯುವ ಚೈನ್ ಸಿಕ್ಕಿಸುವಾಗ ಒಂದು ಉಪಾಯ: ಕಪ್ಲರ್ (ಹಿಚ್‌ನ ಗುಂಡನ್ನು ಹಿಡಿಯುವ ಮೂತಿಯ ತುದಿ) ಲಾಕ್ ಮಾಡಿದ ಮೇಲೆ ಮೂತಿಯ ಜ್ಯಾಕನ್ನು ತಿರುಗಿಸಿ ಟ್ರಕ್ಕಿನ ಹಿಂಭಾಗವನ್ನೂ ಸೇರಿಸಿ ಎತ್ತಿ. ಆಗ ಬಾರ್ ಜಾಸ್ತಿ ಬಲವಿಲ್ಲದೆ ಮೇಲೇರುತ್ತದೆ. ಹಿಚ್ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಚೈನ್ ಒಂದು ಕೊಂಡಿ ಬಿಗಿ ಮಾಡಿದೆ. ಟೇಪ್ 37 ಕಾಲು ಇಂಚು ತೋರಿಸಿತು.